ಸಮಯದ ಅಭಾವದಿಂದ

ಹೋದ ತಿಂಗಳು ಮತ್ತೆ ಆ ಕ್ಯಾಂಪಸ್ಸಿಗೆ ಹೋಗಬೇಕಾಗಿ ಬಂತು. ಕರೆದವರು ಈಗಿನ ಹುಡುಗರು. ಅವರಿಗೆ ನನ್ನ ಹಳೆಯ ಕಥೆ ಗೊತ್ತಿಲ್ಲ. "ಮೇಡಂ, ನಿರೂಪಣೆಗೆ ನೀವೇ ಬರ್ಬೇಕು. ನೀವಿದ್ರೆ ಕಾರ್ಯಕ್ರಮ ಟೈಮಿಗೆ ಮುಗೀತೈತೆ ಅಂತಾರೆ" ಎಂದು ಫೋನಿನಲ್ಲಿ ಹೇಳಿದರು. ಈ ಭಾಗದಲ್ಲಿ ನನಗಿರುವ ಹೆಸರು ಅದೊಂದೇ. ಹರಿಹರದಿಂದ ದಾವಣಗೆರೆಯವರೆಗೆ ಆರತಕ್ಷತೆ ಇರಲಿ, ಸೊಸೈಟಿಯ ಬೆಳ್ಳಿಹಬ್ಬ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಮೈಕಿನ ಮುಂದೆ ನಿಂತು ದೊಡ್ಡವರನ್ನು ಹೊಗಳಿ, ಸಣ್ಣವರನ್ನು ಕತ್ತರಿಸಿ, ಊಟದ ಹೊತ್ತಿಗೆ ಸರಿಯಾಗಿ ಸಭೆ ಮುಗಿಸಿಕೊಡುತ್ತೇನೆ. ಕತ್ತರಿಸುವುದನ್ನು ನಾನು ಕಲಿತದ್ದು ಅದೇ ಕ್ಯಾಂಪಸ್ಸಿನಲ್ಲಿ, ಒಂದೇ ಸಂಜೆಯಲ್ಲಿ.

ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಹೋದೆ. ಅಲ್ಲಿ ಅಡುಗೆಯವರು ಮಂಡಕ್ಕಿ ಒಗ್ಗರಣೆಗೆ ಎಣ್ಣೆ ಕಾಯಿಸಿದ್ದರು. ಬೆಳ್ಳುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ, ಮೇಲೆ ಹುರಿಗಡಲೆ ಪುಡಿ. ದಾವಣಗೆರೆ ಕಡೆಯವರಿಗೆ ಆ ವಾಸನೆ ಮೂಗಿಗೆ ತಾಗಿದರೆ ಎಲ್ಲಿದ್ದರೂ ಬಾಯಲ್ಲಿ ನೀರೂರುತ್ತದೆ. ನಾನು ಮೂಗು ಮುಚ್ಚಿಕೊಂಡೆ. ಗೋಡೆಗೆ ಕೈಕೊಟ್ಟು ನಿಂತೆ. "ಮೇಡಂಗೆ ಬಿಸಿಲು ಹೊಡೆದೈತೆ" ಎಂದು ಯಾರೋ ನೀರು ತರಲು ಓಡಿದರು.

ಎಂಟು ವರ್ಷದ ಹಿಂದೆ, ಮಳೆಗಾಲದ ಮೊದಲಿಗೆ, ನಾನು ಅಲ್ಲಿಯ ಸಮಾಜಶಾಸ್ತ್ರ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಮನೆಗೆ ಬಂದ ಅತಿಥಿಗೆ ಕೂರಲು ಕುರ್ಚಿಯನ್ನಾದರೂ ಕೊಡುತ್ತಾರೆ. ನಮ್ಮ ವಿಭಾಗದಲ್ಲಿ ನಾಲ್ವರು ಅತಿಥಿಗಳಿಗೆ ಎರಡು ಕುರ್ಚಿ. ಒಬ್ಬರು ಪಾಠಕ್ಕೆ ಎದ್ದರೆ ಇನ್ನೊಬ್ಬರು ಕೂರಬೇಕು. ಪ್ರತಿ ಜೂನ್‌ನಲ್ಲಿ ಹೊಸ ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರಿದ್ದರೆ ಮತ್ತೊಂದು ವರ್ಷ ಕೆಲಸ. ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಆ ಪಟ್ಟಿಯನ್ನು ಬರೆದು ಕಳಿಸುತ್ತಿದ್ದವರು ವಿಭಾಗದ ಮುಖ್ಯಸ್ಥರು. ಅವರನ್ನು ಎಲ್ಲರೂ ಬರೀ 'ಸರ್' ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ, ಹೆಸರು ಹಿಡಿದು ಬೈಯುವ ಹಕ್ಕನ್ನು ನಾನು ಆ ಸಂಜೆಯೇ ಕಳೆದುಕೊಂಡಿದ್ದೇನೆ.

ಆ ವರ್ಷ ಮಳೆ ಚೆನ್ನಾಗಿತ್ತು. ಹರಿಹರದಲ್ಲಿ ಹೊಳೆ ಮೆಟ್ಟಿಲು ಮುಳುಗಿಸಿ ಹರಿಯುತ್ತಿತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಿದು ಬೆಳಗಿನ ಬಸ್ಸು ಹತ್ತುತ್ತಿದ್ದೆ. ಕಿಟಕಿಯ ಗಾಜು ಮೇಲೇರುತ್ತಿರಲಿಲ್ಲ, ಹೀಗಾಗಿ ಕ್ಯಾಂಪಸ್ ಮುಟ್ಟುವಾಗ ಎಡ ತೋಳು ನೆನೆದಿರುತ್ತಿತ್ತು. ರಸ್ತೆಯ ಎರಡೂ ಕಡೆ ನಾಟಿ ಮಾಡಿದ ಗದ್ದೆ. ದಾವಣಗೆರೆ ಹತ್ತಿರವಾದಂತೆ ಹಸಿರು ಮುಗಿದು ಮಂಡಕ್ಕಿ ಹುರಿಯುವ ಭಟ್ಟಿಗಳ ಹೊಗೆ ಶುರುವಾಗುತ್ತಿತ್ತು. ಮಳೆಗಾಲದಲ್ಲಿ ಆ ಹೊಗೆ ಮೇಲೇರುವುದಿಲ್ಲ, ಓಣಿಯ ಮೇಲೇ ಮಲಗಿರುತ್ತದೆ. ಬಸ್ಸಿನಲ್ಲಿದ್ದವರೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಹಿಡಿಯುತ್ತಿದ್ದೆವು. ಅದರಡಿಯಲ್ಲೇ ಮನೆ ಮಾಡಿಕೊಂಡವರು ಏನು ಹಿಡಿಯುತ್ತಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ಶೋಭಾ.

ಶೋಭಾ ಲೋಕಿಕೆರೆಯ ಹುಡುಗಿ, ಎಂ.ಎ. ಕೊನೆಯ ವರ್ಷ, ಹಾಸ್ಟೆಲ್‌ನಲ್ಲಿದ್ದಳು. ಕ್ಷೇತ್ರಕಾರ್ಯಕ್ಕೆ ಎಲ್ಲರೂ ಸುಲಭದ ವಿಷಯ ಆರಿಸಿಕೊಂಡು ನಾಲ್ಕು ಮನೆಯ ಪ್ರಶ್ನಾವಳಿಯನ್ನು ಕುಳಿತಲ್ಲೇ ತುಂಬುತ್ತಿದ್ದಾಗ, ಅವಳು ಭಟ್ಟಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಬರೆಯುತ್ತೇನೆ ಎಂದು ಹಟ ಹಿಡಿದಳು. ಮಾರ್ಗದರ್ಶನ ನನ್ನದು. ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. ಹಾಲಮ್ಮನವರನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಅರವತ್ತರ ಆಸುಪಾಸಿನ ಹೆಂಗಸು. ತೆಳ್ಳಗೆ, ಎತ್ತರಕ್ಕೆ, ಮುಂಗೈ ತುಂಬ ಸುಟ್ಟ ಕಲೆ. ಕೆಳಗೆ ಹೊಟ್ಟಿನ ಬೆಂಕಿ, ಮೇಲೆ ಬಾಂಡ್ಲಿಯಲ್ಲಿ ಮರಳು. ನಮ್ಮ ಕಡೆ ತಿರುಗಿಯೂ ನೋಡದೆ, ಉಪ್ಪು ಹಚ್ಚಿದ ಅಕ್ಕಿಯಲ್ಲಿ ನಾಲ್ಕೇ ಕಾಳು ಆರಿಸಿ ಮರಳಿಗೆ ಎಸೆದರು. ಕಾಳು ಸುಮ್ಮನೆ ಬಿದ್ದುಕೊಂಡವು. ಬೆಂಕಿಗೆ ಇನ್ನೆರಡು ಹಿಡಿ ಹೊಟ್ಟು ದೂಡಿ, ಮತ್ತೆ ನಾಲ್ಕು ಕಾಳು ಎಸೆದರು. ಈ ಸಲ ಬಿದ್ದ ಕೂಡಲೇ ಅರಳಿದವು. ಆಮೇಲೆಯೇ ಬುಟ್ಟಿ ಎತ್ತಿ ಅಕ್ಕಿ ಸುರಿದದ್ದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಾಂಡ್ಲಿ ತುಂಬ ಬಿಳಿ ಮಂಡಕ್ಕಿ. ಜರಡಿ ಹಿಡಿದು ಮರಳನ್ನು ಕೆಳಗಿಳಿಸಿ ಮಂಡಕ್ಕಿಯನ್ನು ಪಕ್ಕದ ರಾಶಿಗೆ ಒಗೆದರು.

"ನಾಲ್ಕು ಕಾಳಿನಾಗ ಗೊತ್ತಾಗ್ತೈತಾ?" ಎಂದೆ.

"ನಾಲ್ಕು ಸಾಕ್ರಿ ಮೇಡಂ. ಹದ ತಿಳಿಯಾಕ ಚೀಲಗಟ್ಲೆ ಬೇಕಾ?" ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು. ಆ ಕೆಮ್ಮು ಬೇಗ ನಿಲ್ಲಲಿಲ್ಲ. ಶೋಭಾ ನೀರಿನ ತಂಬಿಗೆ ತಂದುಕೊಟ್ಟು ಅವರ ಬೆನ್ನು ನೀವುತ್ತ ನಿಂತಳು.

ಹೇಳಿಕೊಂಡದ್ದು ಹೆಚ್ಚೇನಿಲ್ಲ. ಅವರ ತಂಗಿ ಬಸಮ್ಮ ಪಕ್ಕದ ಬಾಂಡ್ಲಿಯಲ್ಲಿ ದುಡಿಯುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಳು. "ಆಸ್ಪತ್ರ್ಯಾಗ ನನ್ನೇ ಕೇಳಿದ್ರು, ನಿಮ್ ತಂಗಿ ಬೀಡಿ ಸೇದ್ತಿದ್ಲಾ ಅಂತ. ಜಲ್ಮದಾಗ ಅಕಿ ಬೀಡಿ ಮುಟ್ಟಿದಾಕಿ ಅಲ್ರಿ. ಆ ಮಾತು ನನಗ ಭಾಳ ಚುಚ್ಚಿತು. ಸತ್ತಾಕಿ ಮ್ಯಾಲೆ ಬೀಡಿ ಹೊರಿಸಿದ್ರಲ್ಲ ಅಂತ." ಹೊಗೆಯ ಕೊಳವೆ ಎತ್ತರ ಮಾಡಿದರೆ ಹೊಗೆ ಓಣಿಗೆ ಇಳಿಯುವುದಿಲ್ಲ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಭಟ್ಟಿ ಯಜಮಾನರನ್ನು ಕೇಳಿದರೆ ಜಿಲ್ಲಾ ಆಫೀಸಿನ ಪರ್ಮಿಷನ್ ಬೇಕು ಎನ್ನುತ್ತಿದ್ದರು. ಆಫೀಸಿಗೆ ಹೋದರೆ ಯಜಮಾನರನ್ನು ಕಳಿಸು ಎನ್ನುತ್ತಿದ್ದರು. ಹಾಲಮ್ಮ ಎರಡು ವರ್ಷದಿಂದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುತ್ತಿದ್ದರು.

ಡಿಸೆಂಬರ್‌ನಲ್ಲಿ ವಿಭಾಗದ ಶಿಬಿರ ಕೊಂಡಜ್ಜಿಯಲ್ಲಿ ನಡೆಯಿತು. ಕೆರೆಯ ಮೇಲಿನಿಂದ ಬರುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದ ಒಂದು ಸಂಜೆ, ಹುಡುಗರು ಒಟ್ಟಿದ ಬೆಂಕಿಯ ಮುಂದೆ ಕೈಕಾಯಿಸುತ್ತ ಸರ್ ತಮ್ಮ ಯೋಜನೆ ಹೇಳಿದರು. ಶಿವರಾತ್ರಿ ಕಳೆದ ಮೇಲೆ ಕ್ಯಾಂಪಸ್ಸಿನಲ್ಲಿ ಒಂದು ಸಾರ್ವಜನಿಕ ಸಂಜೆ. ಊರವರಿಗೆಲ್ಲ ಗೇಟು ತೆರೆಯುವುದು. ವಿದ್ಯಾರ್ಥಿಗಳ ಕೆಲಸದ ಪ್ರದರ್ಶನ, ಒಂದು ನಾಟಕ, ಹಾಡು, ಭಾಷಣ. ಹೆಸರು 'ನಮ್ಮೂರು ನಮ್ಮ ಕಸುಬು'. ಮುಖ್ಯ ಅತಿಥಿಯಾಗಿ ಜಿಲ್ಲೆಯ ಒಬ್ಬ ದೊಡ್ಡ ಸಾಹೇಬರು ಒಪ್ಪಿದ್ದಾರೆ ಎಂದರು. ಆ ಸಾಹೇಬರ ಮೇಜಿನ ಮೇಲೇ ಭಟ್ಟಿಗಳ ಕೊಳವೆಯ ಫೈಲು ಇರುವುದು ನನಗೂ ಶೋಭಾಗೂ ಗೊತ್ತಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ನಾನೇ ಬಾಯಿ ತೆರೆದೆ. "ಸರ್, ಕಸುಬಿನೋರು ಒಬ್ಬರು ವೇದಿಕೆ ಮೇಲೆ ಮಾತಾಡಿದ್ರೆ ಚೆಂದ ಇರ್ತೈತೆ. ಭಟ್ಟಿ ಹಾಲಮ್ಮನವರು. ಐದೇ ನಿಮಿಷ."

"ಒಳ್ಳೆ ಐಡಿಯಾ ಮೇಡಂ. ಫೋಟೋನೂ ಚೆನ್ನಾಗಿ ಬರ್ತೈತೆ," ಎಂದರು ಸರ್. ನಿರೂಪಣೆಯನ್ನೂ ನನಗೇ ವಹಿಸಿದರು. "ನಿಮ್ಮ ಧ್ವನಿ ಭಾಳ ಚೆಂದ ಐತೆ. ನಮ್ಮ ಪರ್ಮನೆಂಟ್ ಮಂದಿಗಿಂತ ನೀವೇ ವಾಸಿ." ಆ 'ಪರ್ಮನೆಂಟ್' ಎನ್ನುವ ಮಾತನ್ನು ನಾನು ಹರಿಹರದವರೆಗೂ ಬಸ್ಸಿನಲ್ಲಿ ಚಪ್ಪರಿಸುತ್ತ ಹೋದೆ. ಅಷ್ಟಕ್ಕೇ ಉಬ್ಬಿಹೋಗುವ ಹೆಣ್ಣು ನಾನು.

ಹಾಲಮ್ಮ ಮೊದಲು ಒಪ್ಪಲಿಲ್ಲ. "ನನಗ ಓದಾಕ ಬರಲ್ಲ, ಬರಿಯಾಕ ಬರಲ್ಲ. ದೊಡ್ಡೋರ ಮುಂದೆ ಏನ್ ಮಾತಾಡ್ಲಿ?"

"ತಂಗಿ ಬಗ್ಗೆ ನಮಗೆ ಹೇಳಿದ್ರಲ್ಲ, ಅದನ್ನೇ ಹೇಳ್ರಿ. ಎದುರಿಗೆ ಆ ಸಾಹೇಬ್ರೇ ಕೂತಿರ್ತಾರೆ. ಮೈಕು ನಾನೇ ನಿಮ್ಮ ಕೈಗೆ ಕೊಡ್ತೀನಿ."

"ನೀವೇ ಕೊಡ್ತೀರಾ?"

"ನಾನೇ ಕೊಡ್ತೀನಿ."

ಬಾಂಡ್ಲಿಯ ಮರಳನ್ನು ಒಮ್ಮೆ ತಿರುವಿ, "ಹಂಗಾದ್ರೆ ನಾಲ್ಕು ಮಾತು ಸಾಕು" ಎಂದರು. ಜನವರಿ ಪೂರ್ತಿ ಆ ನಾಲ್ಕು ಮಾತನ್ನು ಮರಳು ತಿರುವುತ್ತ ತಿರುವುತ್ತ ಬಾಯಿಪಾಠ ಮಾಡಿದರು. ನಾನು ಹೋದಾಗಲೆಲ್ಲ ಒಪ್ಪಿಸುತ್ತಿದ್ದರು. "ಸಾಹೇಬ್ರಿಗೆ ನಮಸ್ಕಾರ. ನಾನು ಹಾಲಮ್ಮ, ನಲವತ್ತು ವರ್ಷದಿಂದ ಭಟ್ಟ್ಯಾಗ ದುಡಿತೀನಿ. ನನ್ ತಂಗಿ ಬಸಮ್ಮ ಬೀಡಿ ಸೇದಿ ಸತ್ತಿಲ್ಲ, ಹೊಗೆ ಕುಡಿದು ಸತ್ಲು. ಓಣ್ಯಾಗ ಇನ್ನೂ ಭಾಳ ಹೆಣ್ಮಕ್ಳು ಕೆಮ್ತಾರ, ಕೊಳವಿ ಎತ್ತರ ಮಾಡಿಸಿಕೊಡ್ರಿ." ಅಷ್ಟೇ. ಗಡಿಯಾರ ನೋಡಿದರೆ ಒಂದು ನಿಮಿಷವೂ ಆಗುತ್ತಿರಲಿಲ್ಲ. ಐದು ನಿಮಿಷವನ್ನು ನಾನು ಸುಮ್ಮನೆ ಜಾಸ್ತಿ ಕೇಳಿದ್ದೆ.

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಗಣ್ಯರು, ಎರಡನೇ ಪುಟದಲ್ಲೂ ಗಣ್ಯರು, ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಕಸುಬಿನ ಅನುಭವ: ಶ್ರೀಮತಿ ಹಾಲಮ್ಮ'. ಶೋಭಾ ಅದರ ಪಕ್ಕ ಪೆನ್ನಿನಲ್ಲಿ ಒಂದು ಗುರುತು ಹಾಕಿ, "ಇದೇ ನಿನ್ ಹೆಸರು ನೋಡು ಆಯಿ" ಎಂದು ತೋರಿಸಿದಳು. ಹಾಲಮ್ಮ ಆ ಪತ್ರಿಕೆಯನ್ನು ಓಣಿಯ ಮನೆಮನೆಗೂ ಹಿಡಿದುಕೊಂಡು ಹೋಗಿ ಆ ಗುರುತನ್ನು ತೋರಿಸಿ ಬಂದರಂತೆ.

ಆ ಸಂಜೆ ಬಂತು. ಚಳಿ ಮುಗಿದಿತ್ತು, ಬಿಸಿಲು ಆಗಲೇ ಬಲಿತಿತ್ತು. ಐದು ಗಂಟೆಯ ಕಾರ್ಯಕ್ರಮಕ್ಕೆ ಹಾಲಮ್ಮ ನಾಲ್ಕಕ್ಕೇ ಬಂದರು. ಲಗೇಜ್ ಆಟೋದಲ್ಲಿ ಓಣಿಯ ಎಂಟು ಹತ್ತು ಹೆಂಗಸರು, ಎಲ್ಲರೂ ಹಬ್ಬಕ್ಕೆ ಉಡುವ ಸೀರೆಯಲ್ಲಿ. ಹಾಲಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಪ್ರದರ್ಶನದಲ್ಲಿ ಇಡಲಿ ಎಂದು ಒಂದು ಚೀಲ ಮಂಡಕ್ಕಿ, ಬುಟ್ಟಿ, ಜರಡಿ ತಂದಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಸಾಲಾಗಿ ಕುಳಿತರು. ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಸ್ವಯಂಸೇವಕನೊಬ್ಬ ಬಂದು, "ಅಮ್ಮಾ, ಇದು ವಿಐಪಿ ಸೀಟು, ಹಿಂದಕ್ಕೆ ಹೋಗ್ರಿ" ಎಂದ. ಹಾಲಮ್ಮ ಪತ್ರಿಕೆ ತೆಗೆದು ಪೆನ್ನಿನ ಗುರುತು ತೋರಿಸಿದರು. "ಕರೆದಾಗ ಬರ್ರಿ, ಈಗ ಏಳ್ರಿ" ಎಂದ. ಎದ್ದು ಹೋದರು. ನಾನು ವೇದಿಕೆಯ ಮೇಲೆ ಮೈಕ್ ಸರಿಮಾಡುತ್ತ ಎಲ್ಲ ನೋಡಿದೆ. ಆಮೇಲೆ ಸರಿಮಾಡೋಣ ಎಂದುಕೊಂಡೆ.

ಐದು ಗಂಟೆಗೆ ಬರಬೇಕಾದ ಸಾಹೇಬರು ಏಳು ಗಂಟೆಯಾದರೂ ಬರಲಿಲ್ಲ. ಗೇಟು ತೆರೆದದ್ದಕ್ಕೆ ಊರಿನಿಂದ ಬಂದ ಜನ ಪ್ರದರ್ಶನ ನೋಡಿ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ, ಕುರ್ಚಿಯಲ್ಲಿ ಕುಳಿತು ಆಕಳಿಸಿ, ಅರ್ಧ ಎದ್ದು ಹೋದರು. ಕಾರು ಬಂದ ಮೇಲೆ ಶುರುವಾಯಿತು ನೋಡಿ. ಪ್ರಾರ್ಥನೆ, ನಾಡಗೀತೆ, ದೀಪ, ಸ್ವಾಗತ. ಸ್ವಾಗತ ಭಾಷಣದಲ್ಲಿ ಸರ್ ವೇದಿಕೆಯ ಮೇಲಿದ್ದ ಹದಿನಾರು ಜನರ ಹೆಸರನ್ನು ಒಮ್ಮೆ ಹೇಳಿದರು, ಹೂಗುಚ್ಛ ಕೊಡುವಾಗ ಇನ್ನೊಮ್ಮೆ ಹೇಳಿದರು. ಆಮೇಲೆ ಸನ್ಮಾನ. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದವನು "ಇನ್ನೊಂದ್ಸಲ ಸರ್" ಎಂದರೆ ಹಾಕಿದ ಶಾಲು ತೆಗೆದು ಮತ್ತೆ ಹಾಕುತ್ತಿದ್ದರು. ಕಸುಬಿನ ಹೆಸರಿನ ಸಂಜೆಯಲ್ಲಿ ಸನ್ಮಾನ ಮಾಡಿಸಿಕೊಂಡವರೊಬ್ಬರೂ ಕೈಯಲ್ಲಿ ಕಸುಬು ಹಿಡಿದವರಲ್ಲ. ಪ್ರತಿಯೊಬ್ಬರನ್ನೂ ನಾನು ಹಾಡಿ ಹೊಗಳಿದೆ. ನನ್ನ ಧ್ವನಿ ಚೆಂದ ಇತ್ತಲ್ಲ.

ಸಾಹೇಬರ ಭಾಷಣದ ಮಧ್ಯೆ ಗಂಟಲು ಒಣಗಿ ನೀರು ಕುಡಿಯಲು ವೇದಿಕೆಯ ಹಿಂದಕ್ಕೆ ಹೋದೆ. ಅಲ್ಲಿ ಹಾಲಮ್ಮ ನೆಲದ ಮೇಲೆ ಕುಳಿತು, ಮೊಣಕೈವರೆಗೆ ಎಣ್ಣೆ ಅರಿಶಿನ ಮಾಡಿಕೊಂಡು, ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಕಲಸುತ್ತಿದ್ದರು. ಪಕ್ಕದಲ್ಲಿ ಅವರ ಚೀಲ ಬಾಯಿ ಬಿಚ್ಚಿಕೊಂಡು ಅರ್ಧ ಖಾಲಿಯಾಗಿತ್ತು. ಆದದ್ದಿಷ್ಟು. ಗಣ್ಯರ ಉಪಾಹಾರಕ್ಕೆ ಹೇಳಿದ್ದ ಮಂಡಕ್ಕಿ ಬಂದಿರಲಿಲ್ಲ. ಅಡುಗೆಯವರು ಒಬ್ಬ ಸ್ವಯಂಸೇವಕನನ್ನು ಓಡಿಸಿದರು. ಅವನು ಚೀಲ ಇಟ್ಟುಕೊಂಡು ಕುಳಿತ ಹೆಂಗಸನ್ನು ಕಂಡು, "ಮಂಡಕ್ಕಿ ತಂದೋರು ನೀವೇನು? ಎಷ್ಟೊತ್ತು, ಬರ್ರಿ ಬರ್ರಿ" ಎಂದು ಕರೆದುಕೊಂಡು ಹೋದ. ಮಂಡಕ್ಕಿ ಎಂದರೆ ಮೆಣಸಿನಕಾಯಿ ಬಜ್ಜಿಯ ಪಕ್ಕದಲ್ಲಿ ಇರುವುದು ಎಂದಷ್ಟೇ ತಿಳಿದ ಊರು ನಮ್ಮದು. ಅದನ್ನು ಮಾಡುವವರಿಗೂ ಒಂದು ಮಾತಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಅವನನ್ನು ಬೈದು ಏನು ಫಲ?

ಹಾಲಮ್ಮ ತಲೆಯೆತ್ತಿ ನೋಡಿದರು. "ಇದೂ ಪ್ರೋಗ್ರಾಮಿನಾಗ ಐತೇನ್ರಿ ಮೇಡಂ? ಆ ಹುಡುಗ ಬಾ ಅಂದ, ಬಂದೆ."

ನನಗೆ ಮೈಯೆಲ್ಲ ಉರಿಯಿತು. "ಇಲ್ರಿ, ನೀವು ಮಾಡೋ ಕೆಲಸ ಅಲ್ಲ ಇದು. ಏಳ್ರಿ, ಕೈ ತೊಳ್ಕೊಳ್ರಿ. ಸಾಹೇಬ್ರ ಭಾಷಣ ಆದ ಕೂಡ್ಲೆ ನಿಮ್ದೇ."

ಬಕೆಟ್ಟಿನ ನೀರಲ್ಲಿ ಗಸಗಸ ಕೈ ತೊಳೆದುಕೊಂಡರು. ಎಣ್ಣೆಯ ಜಿಡ್ಡು ಹೋಗಲಿಲ್ಲ. ಸೀರೆಗೆ ಒರೆಸಲು ಮನಸ್ಸಿಲ್ಲದೆ, ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡೇ ವೇದಿಕೆಯ ಮೆಟ್ಟಿಲ ಬಳಿ ಬಂದು ನಿಂತರು. ತುಟಿ ಅಲುಗುತ್ತಿತ್ತು. ನಾಲ್ಕು ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದರು.

ಸಾಹೇಬರ ಭಾಷಣ ಮುಗಿಯಿತು. ನಾನು ಮೈಕಿನ ಕಡೆಗೆ ಹೋದೆ. ಸರ್ ಕುರ್ಚಿಯಿಂದ ಎದ್ದು ಬಂದು, ನನ್ನ ಕೈಗೆ ಒಂದು ಚೀಟಿ ಕೊಟ್ಟರು. 'ನೇರವಾಗಿ ವಂದನಾರ್ಪಣೆ' ಎಂದಿತ್ತು.

"ಸರ್, ಹಾಲಮ್ಮನವರು ನಿಂತಾರ. ಒಂದೇ ನಿಮಿಷ ಸಾಕು," ಎಂದೆ ಮೆಲ್ಲಗೆ.

"ಸಾಹೇಬ್ರು ಹೊರಡೋರು. ಕರೆಸಿದ ಅತಿಥಿ ಮುಂದೆ ಹೊಗೆ, ಕೆಮ್ಮು, ಸಾವು ಅಂತ ಶುರು ಮಾಡ್ಸಬ್ಯಾಡ್ರಿ ಮೇಡಂ. ಸಿಟ್ಟಾದ್ರೆ ಯಾರು ಹೊಣೆ?" ಎಂದು ಜನರ ಕಡೆಗೆ ನಗುತ್ತಲೇ ಹೇಳಿದರು. ಆಮೇಲೆ ಇನ್ನೊಂದು ಮಾತು. "ಜೂನ್ ಲಿಸ್ಟು ಬರೆಯಾಕ ಕೂಡ್ತೀನಿ ಇನ್ನ. ನೀವು ತಿಳಿದೋರಿದ್ದೀರಿ."

ಇಷ್ಟೇ ನಡೆದದ್ದು. ಯಾರೂ ನನ್ನ ಕುತ್ತಿಗೆ ಹಿಡಿಯಲಿಲ್ಲ. ಮೈಕು ನನ್ನ ಕೈಯಲ್ಲಿತ್ತು. ಎರಡು ಹೆಜ್ಜೆ ಇಳಿದು ಆ ಒದ್ದೆ ಕೈಗೆ ಕೊಟ್ಟಿದ್ದರೆ ಕಿತ್ತುಕೊಳ್ಳುವಷ್ಟು ಧೈರ್ಯ ಆ ಜನರೆದುರು ಸರ್‌ಗೂ ಇರಲಿಲ್ಲ. ಇವತ್ತಿಗೂ ಎಷ್ಟೋ ಸಲ ಮನಸ್ಸಿನಲ್ಲಿ ಆ ಎರಡು ಹೆಜ್ಜೆ ಇಳಿಯುತ್ತೇನೆ. ಆವತ್ತು ಇಳಿಯಲಿಲ್ಲ.

"ಸಮಯದ ಅಭಾವದಿಂದ ಮುಂದಿನ ಕಾರ್ಯಕ್ರಮವನ್ನು ಮೊಟಕುಗೊಳಿಸಿ ನೇರವಾಗಿ ವಂದನಾರ್ಪಣೆಗೆ ಹೋಗುತ್ತಿದ್ದೇವೆ" ಎಂದೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಓಣಿಯ ಹೆಂಗಸರಿಗೆ ಆ ಪುಸ್ತಕದ ಮಾತು ತಿಳಿಯಲಿಲ್ಲ. ಅವರು ಇನ್ನೂ ಕತ್ತು ಉದ್ದ ಮಾಡಿ ಕಾಯುತ್ತಿದ್ದರು. ಶೋಭಾ ಮಾತ್ರ ಧಡಕ್ಕನೆ ಎದ್ದು ನಿಂತಳು. ಅವಳ ಮುಖ ನೋಡಿ ನಾನು ಗಾಬರಿಯಾದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ. ಏಳು ವರ್ಷದಿಂದ ನನ್ನನ್ನು ತಿನ್ನುತ್ತಿರುವುದು 'ಸಮಯದ ಅಭಾವ' ಅಲ್ಲ, ಆಮೇಲೆ ಹೇಳಿದ ಈ ಮಾತು:

"ನಲವತ್ತು ವರ್ಷಗಳಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿರುವ ಶ್ರೀಮತಿ ಹಾಲಮ್ಮನವರು ತಮ್ಮ ಕೈಯಾರೆ ಸಿದ್ಧಪಡಿಸಿದ ಮಂಡಕ್ಕಿಯನ್ನು ಎಲ್ಲ ಗಣ್ಯರೂ ಸವಿದೇ ಹೋಗಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ."

ಚಪ್ಪಾಳೆ ಬಿತ್ತು. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದು. ಸರ್ ನನ್ನ ಕಡೆ ನೋಡಿ ಭೇಷ್ ಎನ್ನುವಂತೆ ತಲೆಯಾಡಿಸಿದರು. ಆ ಹುಡುಗ ತಿಳಿಯದೆ ಮಾಡಿದ್ದ ತಪ್ಪನ್ನು ನಾನು ತಿಳಿದು ತಿಳಿದೂ ಮೈಕಿನಲ್ಲಿ ಕೂಗಿ ನಿಜ ಮಾಡಿದ್ದೆ. ಮಾತಾಡಲು ಬಂದ ಹೆಂಗಸನ್ನು ಅಡುಗೆಯವಳನ್ನಾಗಿ ಮಾಡಿದ್ದೆ.

ಸಾಹೇಬರು ಮೆಟ್ಟಿಲಿಳಿಯುವಾಗ ಯಾರೋ ಹಾಲಮ್ಮನ ಕೈಗೆ ಒಂದು ತಟ್ಟೆ ತುರುಕಿದರು. ಅವರು ಅದನ್ನು ಹಿಡಿದುಕೊಂಡೇ, "ಸಾಹೇಬ್ರಿಗೆ ನಮಸ್ಕಾರ. ನಾನು ಹಾಲಮ್ಮ..." ಎಂದು ಶುರುಮಾಡಿದರು. ಮೈಕ್ ಇಲ್ಲದೆ, ಆ ಗದ್ದಲದಲ್ಲಿ. ಸಾಹೇಬರು ನಿಂತರು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. "ಬಹಳ ಚೆನ್ನಾಗಿದೆಯಮ್ಮ. ಖಾರ ಮಾತ್ರ ಸ್ವಲ್ಪ ಜಾಸ್ತಿ" ಎಂದು ನಕ್ಕು ಕಾರಿನ ಕಡೆ ನಡೆದರು. ಸುತ್ತ ಇದ್ದವರೆಲ್ಲ ನಕ್ಕರು.

ನಾನು ಹುಚ್ಚಿಯಂತೆ ವೇದಿಕೆಗೆ ಓಡಿ, ಉಳಿದಿದ್ದ ಒಂದು ಶಾಲು ಎತ್ತಿಕೊಂಡು ಬಂದು ಅವರ ಹೆಗಲಿಗೆ ಹಾಕಲು ಹೋದೆ. ಹಾಲಮ್ಮ ಹಿಂದಕ್ಕೆ ಸರಿದರು.

"ಇದ್ಯಾಕ್ರಿ ಮೇಡಂ? ನಾನು ಇದು ಕೇಳಿದ್ನಾ?"

ನಾನು ಶಾಲನ್ನು ಮಡಚತೊಡಗಿದೆ.

"ನನ್ ಜರಡಿ ಕೊಡಿಸ್ರಿ. ನಾಳೆ ಕೆಲಸಕ್ಕ ಬೇಕು," ಎಂದರು. ಜರಡಿಯನ್ನು ಅಡುಗೆಯವರು ಎಲ್ಲೋ ಬಜ್ಜಿ ಬಸಿಯಲು ಬಳಸಿದ್ದರು. ಎಣ್ಣೆಯಾಗಿತ್ತು. ಶೋಭಾ ಅದನ್ನು ಹುಡುಕಿ ತಂದು, ನಲ್ಲಿಯ ಕೆಳಗೆ ಹಿಡಿದು, ಅಳುತ್ತ ತೊಳೆದಳು. ಹೆಂಗಸರೆಲ್ಲ ಅದೇ ಆಟೋ ಹತ್ತಿ ಹೋದರು. ಕುರ್ಚಿಯ ಸಾಲಿನಲ್ಲಿ ಆಮಂತ್ರಣ ಪತ್ರಿಕೆ ಬಿದ್ದಿತ್ತು, ಪೆನ್ನಿನ ಗುರುತು ಇದ್ದದ್ದು.

ಮನೆಗೆ ಹೋದಾಗ ಕೈಚೀಲದಲ್ಲಿ ಯಾರೋ ಹಾಕಿದ್ದ ಮಂಡಕ್ಕಿಯ ಪೊಟ್ಟಣ ಸಿಕ್ಕಿತು. ಅವ್ವ ಬಿಚ್ಚಿ ಒಂದು ಹಿಡಿ ತಿಂದಳು. "ಭಾಳ ಹಗುರ ಐತಲ್ಲೇ, ಹದವಾಗಿ ಅರಳೈತೆ. ಯಾರು ಮಾಡಿದ್ದು?" ಎಂದಳು. ತಲೆನೋವು ಎಂದು ಹೇಳಿ ಮಲಗಿಬಿಟ್ಟೆ.

ಮರುದಿನದಿಂದ ಶೋಭಾ ನನ್ನ ಪಾಠಕ್ಕೆ ಬರುತ್ತಿದ್ದಳು, ಆದರೆ ತಲೆ ಎತ್ತುತ್ತಿರಲಿಲ್ಲ. ಪ್ರಬಂಧಕ್ಕೆ ಸಹಿ ಹಾಕಿಸಲು ಬಂದಾಗ ಮಾತ್ರ ಒಂದು ಮಾತು ಕೇಳಿದಳು. "ಮೇಡಂ, ನಿಮಗೆ ಆಯಿ ಮಾತು ಎಷ್ಟೊತ್ತು ಐತೆ ಅಂತ ಗೊತ್ತಿತ್ತಲ್ಲ?" ಗೊತ್ತಿತ್ತು ಎಂದೆ. ಸಹಿಯಾದ ಹಾಳೆ ಎತ್ತಿಕೊಂಡು ಹೋದಳು. ಕೃತಜ್ಞತೆಯ ಪುಟದಲ್ಲಿ ಹಾಲಮ್ಮನ ಹೆಸರಿತ್ತು, ಬಸಮ್ಮನ ಹೆಸರಿತ್ತು. ನನ್ನ ಹೆಸರನ್ನು ನಿಯಮವಿದೆ ಎಂದು ಮೊದಲ ಪುಟದಲ್ಲಿ ಮಾತ್ರ ಹಾಕಿದ್ದಳು.

ಜೂನ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮುಂದಿನ ಜೂನ್‌ನಲ್ಲಿ ಬರಲಿಲ್ಲ. ಸರ್‌ಗೆ ಬೇಕಾದವರ ಸೊಸೆಯೊಬ್ಬಳು ಎಂ.ಎ. ಮುಗಿಸಿದ್ದಳು, ಅಷ್ಟೇ. ಮಾರಿಕೊಂಡದ್ದೂ ಆಯಿತು, ಕೊಂಡವರು ಒಂದೇ ವರ್ಷಕ್ಕೆ ಎಸೆದದ್ದೂ ಆಯಿತು. ಕೈಯಲ್ಲಿ ಉಳಿದದ್ದು ಈ ಧ್ವನಿ ಒಂದೇ. ಅದನ್ನೇ ಹಿಡಿದುಕೊಂಡು ವೇದಿಕೆಯಿಂದ ವೇದಿಕೆಗೆ ತಿರುಗುತ್ತಿದ್ದೇನೆ. 'ಸಮಯದ ಅಭಾವದಿಂದ' ಎಂದು ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ. ಈಗ ನಾಲಿಗೆ ತಡವರಿಸುವುದಿಲ್ಲ.

ಹೋದ ತಿಂಗಳ ಆ ಕಾರ್ಯಕ್ರಮವನ್ನೂ ಟೈಮಿಗೆ ಮುಗಿಸಿಕೊಟ್ಟೆ. ಆದರೆ ಆ ಒಗ್ಗರಣೆಯ ವಾಸನೆ ನನ್ನನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹರಿಹರದಿಂದ ಬಸ್ಸು ಹತ್ತಿ ಭಟ್ಟಿ ಓಣಿಗೆ ಹೋದೆ. ಏಳು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಕೊಳವೆಗಳು ಮೊದಲಿನಷ್ಟೇ ಎತ್ತರ ಇದ್ದವು. ಮೂಗಿಗೆ ಸೆರಗು ಹಿಡಿಯಬಾರದು ಎಂದುಕೊಂಡೇ ಹೋಗಿದ್ದೆ, ಅರ್ಧ ಓಣಿಗೆ ಹಿಡಿದುಬಿಟ್ಟೆ.

ಹಾಲಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಕೆಲಸ ಬಿಟ್ಟು ಮೂರು ವರ್ಷವಾಯಿತಂತೆ. ಇನ್ನಷ್ಟು ತೆಳ್ಳಗಾಗಿದ್ದರು. ಮುಖ ನೋಡಿ ಗುರುತು ಹಿಡಿಯಲಿಲ್ಲ. ನಾನು "ಚೆನ್ನಾಗಿದ್ದೀರಾ ಹಾಲಮ್ಮಾರೆ?" ಎನ್ನುತ್ತಲೇ ಧ್ವನಿಯಿಂದ ಹಿಡಿದರು.

"ಮೈಕಿನ ಮೇಡಂ," ಎಂದರು. "ಕೂಡ್ರಿ."

ಅವರ ಧ್ವನಿ ಹೋಗಿತ್ತು. ಉಸಿರೇ ಮಾತಾಗಿ ಬರುತ್ತಿತ್ತು; ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕೆಮ್ಮು. ಕೇಳಿಸಿಕೊಳ್ಳಲು ಬಗ್ಗಬೇಕಾಗಿತ್ತು. ಮೊಮ್ಮಗಳು ಚಹಾ ತಂದಳು. ನಾನು ಲೋಟ ಕೆಳಗಿಟ್ಟು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

"ಆವತ್ತು ನಾನು ನಿಮಗೆ ಮೈಕ್ ಕೊಡಲಿಲ್ಲ. ತಪ್ಪಾತು. ಏನು ಹೇಳಬೇಕಂತ ಬಂದಿದ್ರಿ, ಅದನ್ನ ಈಗ ನನಗೆ ಹೇಳ್ರಿ. ನಾ ಕೂತು ಕೇಳ್ತೀನಿ."

ಹಾಲಮ್ಮ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮಗ್ಯಾಕ ಹೇಳ್ಲಿ ಮೇಡಂ?" ಎಂದರು. ಕೆಮ್ಮು ಮುಗಿಯುವವರೆಗೆ ಕೈಯೆತ್ತಿ ನನ್ನನ್ನು ಕಾಯಿಸಿ, ಆಮೇಲೆ ಉಳಿದದ್ದನ್ನು ಹೇಳಿದರು. "ನಿಮಗ ಗೊತ್ತಿದ್ದದ್ದೇ ಅಲ್ವಾ ಅದು?"

ಉತ್ತರಕ್ಕಾಗಿ ಅವರು ಕಾದರು. ಚಹಾ ಆರಿತು, ಮೊಮ್ಮಗಳು ಬಂದು ಲೋಟ ತೆಗೆದುಕೊಂಡು ಹೋದಳು, ಕಟ್ಟೆಯ ಮೇಲಿದ್ದ ಬಿಸಿಲು ಅಂಗಳಕ್ಕೆ ಇಳಿಯಿತು. ಅವರು ನನಗೆ ಬೇಕಾದಷ್ಟು ಸಮಯ ಕೊಟ್ಟರು.